ಕಾವಲಿಲ್ಲದ ನಾಲ್ಕು ದಿನ

"ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ. ಆ ಬ್ಯಾಗನ್ನ ಇನ್ನೊಂದ್ ಸಲ ಬಿಚ್ಚಿದ್ರೆ ನಾನೇ ಎತ್ತಿ ಬೀದಿಗೆಸೀತೀನಿ, ನೋಡು!"

ಗಂಡನ ಅಕ್ಕನ ಗದರಿಕೆಗೆ ಟೈಲರಮ್ಮ ಬೆಚ್ಚಿ ಜಿಪ್ಪಿನಿಂದ ಕೈ ತೆಗೆದಳು. ಅತ್ತಿಗೆ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವರು. ಕೆಲಸದಿಂದ ನಿವೃತ್ತರಾಗಿದ್ದರೂ ಅವರ ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು.

"ಹಾಗಲ್ಲ ಅತ್ತಿಗೆ... ಬಿಳಿ ಮಾತ್ರೆ ಊಟಕ್ಕೆ ಮೊದಲು, ನೀಲಿಯದ್ದು ಆಮೇಲೆ. ಬಚ್ಚಲಿಗೆ ಹೋದಾಗ ಚಿಲಕ ಹಾಕ್ಕೊಳ್ಳೋಕೆ ಬಿಡಬೇಡಿ. ನೀರು ಕುಡಿಯುವಾಗ ಕೆಮ್ಮಿದ್ರೆ ತಕ್ಷಣ ಬೆನ್ನು..."

"ಮೂರು ಹಾಳೆ ಬರೆದಿಟ್ಟಿದ್ದೀಯಲ್ಲ! ನನಗೂ ಓದೋಕೆ ಬರುತ್ತೆ ತಾಯಿ, ಹೊರಡು."

ಗಂಡ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಹತ್ತಾರು ಅಂತಸ್ತಿನ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟಾಗ ಹಗ್ಗ ಕಟ್ಟಿಕೊಂಡು ಕತ್ತಲ ಬಾವಿಗೆ ಇಳಿಯುತ್ತಿದ್ದ ಮೆಕ್ಯಾನಿಕ್ ಅವನು. ನಾಲ್ಕು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತಿದ್ದವು. ಆ ಮಧ್ಯಾಹ್ನ... ಆ ಒಂದು ಮಧ್ಯಾಹ್ನ ಅವಳು ಊಟ ಮುಗಿಸಿ ಒಂದು ಗಂಟೆ ಮಲಗಿದ್ದಳು. ಎದ್ದು ನೋಡಿದರೆ ಅವನು ಬಚ್ಚಲ ನೆಲದ ಮೇಲಿದ್ದ. ಆಸ್ಪತ್ರೆಯ ವರಾಂಡದಲ್ಲಿ, ಗುರುತಿಲ್ಲದ ಜನರೆಲ್ಲ ತಿರುಗಿ ನೋಡುವಂತೆ, ಇದೇ ಅತ್ತಿಗೆ ಕೂಗಿದ್ದರು: "ನನ್ನ ತಮ್ಮ ನೆಲದ ಮೇಲೆ ಒದ್ದಾಡ್ತಿದ್ರೆ ಇವಳು ಹಾಯಾಗಿ ನಿದ್ದೆ ಹೊಡೀತಿದ್ಳು!"

ಆ ಮಾತು ಹೊಕ್ಕ ಮೇಲೆ ಟೈಲರಮ್ಮನಿಗೆ ನಿದ್ದೆ ಎಂಬುದು ಅಪರಾಧವಾಯಿತು. ಮುಂಗೋಣೆಯಲ್ಲಿ ಹೊಲಿಗೆ ಯಂತ್ರ, ಒಳಗೋಣೆಯಲ್ಲಿ ಗಂಡ. ನಡುವಿನ ಬಾಗಿಲನ್ನು ಅವಳು ಬಡಗಿಯನ್ನು ಕರೆಸಿ ತೆಗೆಸಿಯೇಬಿಟ್ಟಿದ್ದಳು. ಶಾಲೆಗಳ ಸಮವಸ್ತ್ರ ರಾಶಿ ಬಿದ್ದಿದ್ದರೂ ಕಿವಿಯೊಂದು ಸದಾ ಒಳಗೇ. ಕಳೆದ ವಾರ ಯಂತ್ರ ಓಡುತ್ತಿರುವಾಗಲೇ ತೂಕಡಿಸಿ, ಸೂಜಿ ತೋರುಬೆರಳಿನ ಉಗುರಿನಲ್ಲಿ ಇಳಿದು ಆಚೆ ಬಂದಿತ್ತು. ಗಾಯ ತೊಳೆದು ಕಟ್ಟಿದ ಡಾಕ್ಟರಮ್ಮ ಅವಳ ಹಳೆಯ ಗಿರಾಕಿ. ಕೆರೆಯ ದಂಡೆಯಲ್ಲಿದ್ದ ತನ್ನ ಒಂದು ಕೋಣೆಯ ಮನೆಯ ಬೀಗದ ಕೈ ಕೊಟ್ಟು, "ನಾಲ್ಕು ದಿನ ಸುಮ್ಮನೆ ಬಿದ್ದುಕೊಂಡು ಬಾ. ಇಲ್ಲಾಂದ್ರೆ ಮುಂದಿನ ಸಲ ಕೈಯನ್ನೇ ಕಟ್ಟಬೇಕಾಗುತ್ತೆ," ಎಂದಿದ್ದಳು. ಸುದ್ದಿ ತಿಳಿದು ಅತ್ತಿಗೆ ಕರೆಯದೆಯೇ ಬಂದಿಳಿದಿದ್ದರು. ತಪ್ಪು ಹುಡುಕಲೆಂದೇ ಬಂದಿದ್ದಾರೆಂದು ಟೈಲರಮ್ಮನಿಗೆ ಒಳಗೊಳಗೇ ಖಾತ್ರಿಯಿತ್ತು.

ಕೆರೆ ಚೆನ್ನಾಗಿಯೇ ಇತ್ತು. ಆದರೆ ನೋಡುವ ಕಣ್ಣಿಗೆ ನೆಮ್ಮದಿಯಿರಲಿಲ್ಲ. ಮಂಚದ ಮೇಲೆ ಒರಗಿದರೆ ಪಕ್ಕದ ಮನೆಯ ನಲ್ಲಿ ಬಿಟ್ಟ ಸದ್ದು ಗಂಡನ ಕೆಮ್ಮಿನಂತೆ ಕೇಳಿ ದಡಬಡನೆ ಎದ್ದಳು. ಮೊದಲ ದಿನವೇ ಹನ್ನೊಂದು ಸಲ ಫೋನು ಮಾಡಿದಳು. "ಬದುಕಿದ್ದಾನೆ," ಎಂದು ಅತ್ತಿಗೆ ಪ್ರತಿ ಸಲವೂ ಒಂದೇ ಮಾತು ಹೇಳಿ ಇಟ್ಟರು. ಕೈ ಸುಮ್ಮನಿರದೆ, ಗಾಯದ ಬೆರಳನ್ನೂ ಲೆಕ್ಕಿಸದೆ, ಕೋಣೆಯ ಪರದೆಯ ಅಂಚನ್ನೆಲ್ಲ ಬಿಚ್ಚಿ ಪರ್ಸಿನಲ್ಲಿದ್ದ ಸೂಜಿಯಿಂದ ಮತ್ತೆ ಹೊಲಿದಳು. ಎರಡನೆಯ ದಿನ ಬೆಳಿಗ್ಗೆ ಮಾಡಿದರೆ ಫೋನು ಹೊಡೆದುಕೊಂಡೇ ಇತ್ತು... ಒಂದು ಸಲ, ಎರಡು ಸಲ, ಐದು ಸಲ... ಯಾರೂ ಎತ್ತಲಿಲ್ಲ!

ಮಧ್ಯಾಹ್ನದ ಹೊತ್ತಿಗೆ ಅವಳು ಬೆವರಿಳಿಸುತ್ತ ಮನೆಯ ಬಾಗಿಲಲ್ಲಿ ನಿಂತಿದ್ದಳು.

ಗಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ಎಡಗೈಯೊಂದರಲ್ಲೇ. ಮೂರು ಗುಂಡಿ ಹಾಕಿ ಆಗಿತ್ತು, ಅದರಲ್ಲೊಂದು ತಪ್ಪು ಕಾಜಕ್ಕೆ. ತಾನೇ ಗಡ್ಡ ಹೆರೆದುಕೊಂಡಿದ್ದನೇನೋ, ಗಲ್ಲದ ಮೇಲೆ ರಕ್ತದ ಗೆರೆ. ಅತ್ತಿಗೆ ಅವನಿಗೆ ಬೆನ್ನು ಹಾಕಿ ಪೇಪರು ಓದುತ್ತಿದ್ದರು!

"ಅಯ್ಯೋ, ರಕ್ತ! ಏನ್ರೀ ಇದು... ಕೊಡಿ ಇಲ್ಲಿ, ನಾನು ಹಾಕ್ತೀನಿ..."

"ಮುಟ್ಬೇಡ!"

ನಾಲ್ಕು ವರ್ಷದಲ್ಲಿ ಅವನ ದನಿ ಅಷ್ಟು ಜೋರಾಗಿ ಎದ್ದದ್ದೇ ಇಲ್ಲ. ಅವಳ ಕೈ ಗಾಳಿಯಲ್ಲೇ ನಿಂತಿತು.

"ಫೋನ್ ಯಾಕೆ ಎತ್ತಲಿಲ್ಲ?" ಎಂದಳು.

"ಬೀದಿ ತುದೀವರೆಗೂ... ನಡೆದು ಹೋಗಿದ್ದೆ," ಅವನು ಒಂದೊಂದೇ ಪದ ಹೆಕ್ಕಿ ಹೇಳಿದ. "ಅಕ್ಕನೂ ಫೋನ್ ಬಿಟ್ಟು ಹಿಂದೆ ಬಂದ್ಳು. ಎರಡು ಕಡೆ ಕೂತೆ. ಒಂದು ಕಡೆ ಬಿದ್ದೆ. ಎದ್ದೆ... ನಾನೇ ಎದ್ದೆ ಕಣೇ."

"ಬಿದ್ರಾ! ನೋಡಿ, ಅದಕ್ಕೇ ನಾನು..."

"ಸಾಕು! ಕೆಮ್ಮಿದ್ರೆ ಓಡಿ ಬರ್ತೀಯ. ಸುಮ್ಮನಿದ್ರೂ ಬರ್ತೀಯ, ಉಸಿರಿದೆಯಾ ಅಂತ ನೋಡೋಕೆ. ಆ ಬಾಗಿಲು ತೆಗೆಸಿದ ದಿನದಿಂದ ನಾನು ಒಬ್ಬನೇ ಒಂದು ಗಳಿಗೆ ಕೂತಿಲ್ಲ. ನೀನು ಬಸ್ ಹತ್ತಿದೆ ಅಂದಾಗ... ದೇವರಾಣೆ... ಹಗುರ ಆಯ್ತು ನನಗೆ."

ಟೈಲರಮ್ಮ ಗೋಡೆಗೊರಗಿ ನೆಲದ ಮೇಲೆ ಕೂತಳು. ಹಗುರ ಆಯ್ತಂತೆ! ಯಾರಿಗಾಗಿ ಕಣ್ಣು ಮುಚ್ಚಲಿಲ್ಲವೋ ಅವನಿಗೇ ಅವಳು ಭಾರವಾಗಿದ್ದಳು. "ಇನ್ನು ಯಾಕೆ ತಡ ಅತ್ತಿಗೆ, ನೀವೂ ಹೇಳಿಬಿಡಿ. ತಪ್ಪೆಲ್ಲ ನಂದೇ ಅಂತ... ಆವತ್ತೂ ಹೇಳಿದ್ರಲ್ಲ..."

ಅತ್ತಿಗೆ ಪೇಪರು ಕೆಳಗಿಟ್ಟರು.

"ಅವಳನ್ನ ಬೈಬೇಡ ಕಣೋ," ಎಂದರು ತಮ್ಮನಿಗೆ. "ನಿನ್ನ ಪಕ್ಕದಲ್ಲಿ ಅವಳನ್ನ ಕಾವಲಿಗೆ ಕೂರಿಸಿದ್ದು ನಾನು. ನಿದ್ದೆ ಹೊಡೀತಿದ್ಳು ಅಂತ ಆಸ್ಪತ್ರೆ ತುಂಬ ಕೂಗಿದೆ. ಹೆದರಿಕೇಲಿ ಬಾಯಿಗೆ ಬಂದದ್ದು ಅಂದೆ, ಆಮೇಲೆ ಮರೆತೂಬಿಟ್ಟೆ..." ಟೈಲರಮ್ಮನತ್ತ ತಿರುಗಿದರು. "ನೀನು ಮರೀಲಿಲ್ಲ ಅಲ್ವೇನೇ? ನೀನು ಬರೆದಿಟ್ಟ ಹಾಳೆ ಓದಿದೆ. 'ನೀವು ಮಲಗುವಂತಿದ್ದರೆ ಪಕ್ಕದ ಮನೆಯವರನ್ನು ಕೂರಿಸಿ ಮಲಗಿ' ಅಂತ ಬರೆದಿದ್ದೀಯ. ನಿನ್ನ ಪಾಲಿಗೆ ಯಾರನ್ನ ಕೂರಿಸಿದ್ದೆ, ತಾಯಿ, ನಾಲ್ಕು ವರ್ಷ?"

ಆಗ ಟೈಲರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿಗೆ ಸಮಾಧಾನ ಮಾಡಲು ಬಾರದ ಹೆಂಗಸು. ಪಕ್ಕದಲ್ಲಿ ಕೂತು, ಅವಳ ಬೆನ್ನಿನ ಮೇಲೆ ಕೈಯಿಟ್ಟರು. ಗಂಡ ಕಾಲೆಳೆದುಕೊಂಡು ಒಳಗೆ ಹೋದ. ಎಷ್ಟೋ ಹೊತ್ತಿನ ಮೇಲೆ ಅರ್ಧ ಚೆಲ್ಲಿದ ಒಂದು ಲೋಟ ನೀರು ಹಿಡಿದು ಬಂದ. ಅವಳು ಎದ್ದು ಇಸಿದುಕೊಳ್ಳಲು ಹೊರಟವಳು, ಹೇಗೋ ತಡೆದುಕೊಂಡು ಕೂತೇ ಇದ್ದಳು. ಅವನು ಬಂದು ಕೊಟ್ಟ ಮೇಲೆಯೇ ಕುಡಿದಳು.

"ಇನ್ನೂ ಎರಡು ದಿನ ಇದೆ ನಿನಗೆ," ಎಂದ ಅವನು, ಮೆಲ್ಲಗೆ. "ನನಗೂ ಇದೆ."

ಆ ಮಾತು ನೋಯಿಸಿತು. ನಿಜವೆಂದೂ ಗೊತ್ತಾಯಿತು. ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಟಾಗ ಅವನು ಗೇಟಿನವರೆಗೂ ಬಂದ. ಹೊಸಿಲು ದಾಟುವಾಗ ಓಲಾಡಿದ. ಅವಳು ತಿರುಗಲಿಲ್ಲ, ಸೆರಗು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಫೋನು ತೆಗೆದು ನೋಡಿದಳು, ಮಾಡಲಿಲ್ಲ. ಬಿದ್ದರೆ? ಬೀಳಲಿ... ಏಳುತ್ತಾನೆ. ಏಳದಿದ್ದರೆ? ಅತ್ತಿಗೆ ಇದ್ದಾರೆ. ಅವರೂ ಮಲಗಿದ್ದರೆ? ಮಲಗಲಿ, ಪಾಪ...

"ಅಮ್ಮಾ, ಏಳಿ ಅಮ್ಮಾ! ಎಲ್ಲಿ ಇಳೀಬೇಕಿತ್ತು ನೀವು?"

ಕಂಡಕ್ಟರು ಸೀಟಿನ ಕಂಬಿ ಬಡಿಯುತ್ತಿದ್ದ. ಬಸ್ಸು ಖಾಲಿ.

"ಕೆರೆ ಸ್ಟಾಪು..." ಎಂದಳು, ಬಾಯಿಯ ಅಂಚು ಒರೆಸಿಕೊಳ್ಳುತ್ತ.

"ಅದು ಹೋಗಿ ಮುಕ್ಕಾಲು ಗಂಟೆ ಆಯ್ತಲ್ಲಮ್ಮ! ಇದು ಕೊನೇ ಸ್ಟಾಪು. ಇದೇ ಗಾಡಿ ವಾಪಸ್ ಹೋಗೋದು ಇನ್ನು ಅರ್ಧ ಗಂಟೆಗೆ. ಏನು ಮಾಡ್ತೀರಿ?"

ಟೈಲರಮ್ಮ ಚಪ್ಪಲಿ ಬಿಟ್ಟು ಕಾಲನ್ನು ಸೀಟಿನ ಮೇಲೆ ಎತ್ತಿಟ್ಟಳು.

"ಇಲ್ಲೇ ಕೂತಿರ್ತೀನಪ್ಪ," ಎಂದು ಬ್ಯಾಗನ್ನು ತಲೆಯಡಿಗೆ ಎಳೆದುಕೊಂಡಳು. "ಹೊರಟಾಗ ಎಬ್ಬಿಸು."