ನೀರು ಬಿಡದ ಗೋಡೆ

ಮೊದಲು ಕಂಡದ್ದು ಲಕ್ಷ್ಮೀಕಾಂತಮ್ಮನ ಕೈ. ಗಾಜಿನ ಬಳೆಗಳು ಒಡೆದಿರಲಿಲ್ಲ.

ವಿಶಾಖಪಟ್ಟಣದಲ್ಲಿ ಎರಡು ದಿನದಿಂದ ಜಡಿಮಳೆ. ಸಮುದ್ರದಿಂದ ಬಿರುಗಾಳಿ. ಬೆಳಿಗ್ಗೆ ಆರೂವರೆಗೆ, ಗುಡ್ಡದ ಮೇಲಿನ ಅಪಾರ್ಟ್‌ಮೆಂಟಿನ ತಡೆಗೋಡೆಯ ಒಂದು ಭಾಗ ಕುಸಿದು, ಕೆಳಗಿದ್ದ ಆಕೆಯ ಒಂಟಿಕೋಣೆಯ ಮನೆಯನ್ನು ಹೂತುಹಾಕಿತ್ತು. ಕಲ್ಲು ಸರಿಸಿದವರಲ್ಲಿ ದಿನಕರನೂ ಇದ್ದ. ಚಿತ್ರದುರ್ಗದವನು, ಬ್ಯಾಂಕ್ ಅಧಿಕಾರಿ. ವರ್ಗವಾಗಿ ಬಂದು ಹತ್ತಿರದ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ.

ಕಂದಾಯ ಇಲಾಖೆಯವರು ಬಂದರು. ಕೊಡೆಯ ಕೆಳಗಿಂದಲೇ ಫೋಟೊ ತೆಗೆದರು. ಮಳೆಯಿಂದ ಸಾವು ಎಂದು ಬರೆದುಕೊಂಡು ಹತ್ತು ನಿಮಿಷದಲ್ಲಿ ಹೊರಟುಹೋದರು.

ದಿನಕರನಿಗೆ ಮೈ ಉರಿಯಿತು. ಹಿಂದಿನ ದಿನ ಆಕೆ ಹೇಳಿದ್ದು ನೆನಪಾಯಿತು. ಪ್ರತಿ ಮಳೆಗೂ ಗೋಡೆಯ ಪೈಪುಗಳಿಂದ ನೀರು ಸುರಿಯುತ್ತಿತ್ತು. ಆಕೆ ಅಲ್ಲಿ ಬಕೆಟ್ ಇಟ್ಟು ಬಟ್ಟೆ ಒಗೆಯುತ್ತಿದ್ದಳು. ಈ ಸಲ ಗೋಡೆ ಒಂದು ಹನಿಯನ್ನೂ ಬಿಡುತ್ತಿಲ್ಲ ಎಂದಿದ್ದಳು. ಅವನು ನಕ್ಕುಬಿಟ್ಟಿದ್ದ.

ಅವನು ಬಿದ್ದ ಕಲ್ಲುಗಳ ನಡುವೆ ಹುಡುಕಿದ. ಪೈಪಿನ ತುಂಡು ಸಿಕ್ಕಿತು. ಅದರ ಬಾಯಿಗೆ ಸಿಮೆಂಟ್ ಮೆತ್ತಿ, ಮೇಲೆ ಗೋಡೆಯದೇ ಬಣ್ಣ ಬಳಿದಿದ್ದರು. ಇನ್ನೊಂದು ಸಿಕ್ಕಿತು. ಅದೂ ಹಾಗೆಯೇ.

* * *

ಸಬ್ ಇನ್ಸ್‌ಪೆಕ್ಟರ್ ಶೇಷಗಿರಿ ಕರ್ನಾಟಕದ ಗಡಿಯ ಮಡಕಶಿರಾದವನು. ದಿನಕರನೊಂದಿಗೆ ಕನ್ನಡದಲ್ಲೇ ಮಾತಾಡಿದ. ಅವನು ಠಾಣೆಗೆ ತಂದಿದ್ದ ಪೈಪಿನ ತುಂಡನ್ನು ಎರಡು ಸಲ ತಿರುಗಿಸಿ ನೋಡಿದ.

"ಹಿಂದೆ ನಿಂತ ನೀರು ಹೊರಗೆ ಹೋಗೋಕೆ ಬಿಟ್ಟಿರೋ ದಾರಿ ಇದು. ಇದನ್ನ ಮುಚ್ಚಿದ್ರೆ ನೀರಿನ ಭಾರಕ್ಕೆ ಗೋಡೆ ಬೀಳುತ್ತೆ ಸಾರ್. ಇದು ಮಳೆ ಮಾಡಿದ ಕೆಲಸ ಅಲ್ಲ."

ಮೊದಲ ಅನುಮಾನ ಲಕ್ಷ್ಮೀಕಾಂತಮ್ಮನ ಪಕ್ಕದ ಮನೆಯ ಕಮಲಾಳ ಮೇಲೆ. ಆ ನೀರು ತನ್ನ ಅಂಗಳಕ್ಕೆ ನುಗ್ಗುತ್ತದೆಂದು ಅವಳು ಜಗಳವಾಡಿದ್ದಳು. ಅವಳ ಜಗಲಿಯಲ್ಲಿ ಅರ್ಧ ಚೀಲ ಸಿಮೆಂಟೂ ಸಿಕ್ಕಿತು.

ಕಮಲಾ ಅಳಲಿಲ್ಲ, ಸಿಟ್ಟಾದಳು. ಸಿಮೆಂಟ್ ತಂದದ್ದು ಹೋದ ವಾರ, ಹಿತ್ತಿಲ ಮೆಟ್ಟಿಲಿಗೆ. ಜಗಳ ಆಡಿದ್ದು ನಿಜ, ಆದರೆ ಮುದುಕಿ ಜ್ವರದಲ್ಲಿ ಮಲಗಿದಾಗ ಗಂಜಿ ಕೊಟ್ಟವಳೂ ತಾನೇ ಎಂದಳು. ಮೆಟ್ಟಿಲಿನ ಗಾರೆ ಇನ್ನೂ ಹೊಸದಾಗಿತ್ತು. ಪೈಪುಗಳ ಮೇಲಿನ ಬಣ್ಣವಾದರೋ ಬಿಸಿಲಿಗೆ ಆಗಲೇ ಸ್ವಲ್ಪ ಮಾಸಿತ್ತು.

ದಿನಕರ ಯೋಚಿಸಿದ. ಪೈಪು ಮುಚ್ಚಬೇಕಾದರೆ ಲಕ್ಷ್ಮೀಕಾಂತಮ್ಮನ ಅಂಗಳದಲ್ಲೇ ನಿಲ್ಲಬೇಕು. ಆಕೆ ಮನೆ ಬಿಟ್ಟು ಕದಲುವವಳಲ್ಲ. ಊರಲ್ಲಿ ಇಲ್ಲದಿದ್ದದ್ದು ಯಾವಾಗ ಎಂದು ಕಮಲಾಳನ್ನು ಕೇಳಿದ.

"ದಸರಾಗೆ ಮೂರು ದಿನ ವಿಜಯವಾಡಕ್ಕೆ ಹೋಗಿದ್ವಿ," ಎಂದಳು ಕಮಲಾ ತೆಲುಗಿನಲ್ಲಿ. "ಇಂದ್ರಕೀಲಾದ್ರಿ ಬೆಟ್ಟಕ್ಕೆ, ಅಮ್ಮನವರ ದರ್ಶನಕ್ಕೆ. ಕೆಳಗಿನ ಮನೆಯವರನ್ನೆಲ್ಲ ಕರೆದುಕೊಂಡು ಹೊರಟವರು ಸತ್ಯಮೂರ್ತಿಗಾರು. ಪಾಪ, ಅವರಿಗೇ ದರ್ಶನ ಸಿಗಲಿಲ್ಲ. ಎದೆ ಹಿಡಿದುಕೊಂಡಿದೆ ಅಂತ ಇಲ್ಲೇ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲೇ ರೈಲು ಇಳಿದುಬಿಟ್ಟರು."

ಸತ್ಯಮೂರ್ತಿ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ನಿವೃತ್ತ ಎಂಜಿನಿಯರ್. ಆ ದಿನ ಬೆಳಿಗ್ಗೆ ಹೂವಿನ ಹಾರ ತಂದು ಶವದ ಮುಂದೆ ಕಣ್ಣೊರೆಸಿಕೊಂಡು ಹೋಗಿದ್ದ.

* * *

ಮರುದಿನ ಮಧ್ಯಾಹ್ನವೂ ಮಳೆ ನಿಂತಿರಲಿಲ್ಲ. ಗೋಡೆಯ ಉಳಿದ ಭಾಗದ ಕೆಳಗಿದ್ದ ಆರು ಮನೆಯವರನ್ನು ಶೇಷಗಿರಿ ರಸ್ತೆಯಾಚೆಯ ಶಾಲೆಗೆ ಸಾಗಿಸಿದ್ದ. ಸತ್ಯಮೂರ್ತಿಯನ್ನು ರಸ್ತೆಗೆ ಕರೆಸಿ, ಜನ ಮನೆಗೆ ವಾಪಸ್ ಹೋಗಬಹುದೇ ಎಂದು ವಿನಯದಿಂದ ಕೇಳಿದ.

"ಧಾರಾಳವಾಗಿ. ಉಳಿದ ಗೋಡೆ ಗಟ್ಟಿಯಾಗಿದೆ."

"ಹಾಗಾದರೆ ಅದರ ಬುಡಕ್ಕೆ ಬನ್ನಿ. ಅಲ್ಲೇ ನಿಂತು ಇದನ್ನು ಬರೆದು ಸಹಿ ಹಾಕಿಕೊಡಿ."

ಸತ್ಯಮೂರ್ತಿ ನಾಲ್ಕು ಹೆಜ್ಜೆ ನಡೆದ. ರಸ್ತೆಯ ಅಂಚಿನಲ್ಲಿ ನಿಂತ. ಮೇಲೆ ನೋಡಿದ. ಐದನೆಯ ಹೆಜ್ಜೆ ಇಡಲಿಲ್ಲ.

ದಿನಕರನಿಗೆ ತಡೆಯಲಾಗಲಿಲ್ಲ. "ಆರು ಸಂಸಾರ ಅಲ್ಲಿ ಮಲಗಬಹುದು, ನೀವು ಒಂದು ನಿಮಿಷ ನಿಲ್ಲೋಕಾಗಲ್ವಾ?"

ಗೋಡೆ ಕೊಳಕಾಗುತ್ತದೆಂದು ಪೈಪು ಮುಚ್ಚಿಸಿದ್ದು ನಿಜ, ಹೀಗಾಗುತ್ತದೆಂದು ಗೊತ್ತಿರಲಿಲ್ಲ ಎಂದು ಸತ್ಯಮೂರ್ತಿ ಗೊಣಗಿದ. ಶೇಷಗಿರಿ ಜೇಬಿನಿಂದ ಕಾಗದ ತೆಗೆದ. ಎರಡು ವರ್ಷದ ಹಿಂದೆ ಸಂಘದ ಸದಸ್ಯರಿಗೆ ಹಂಚಿದ್ದ ಸೂಚನೆ. ಮಳೆಗೆ ಮುನ್ನ ಪೈಪುಗಳನ್ನು ಶುಚಿ ಮಾಡಿಸದಿದ್ದರೆ ಗೋಡೆ ಉರುಳುತ್ತದೆ ಎಂದಿತ್ತು. ಕೆಳಗೆ ಸತ್ಯಮೂರ್ತಿಯದೇ ಸಹಿ.

ಉಳಿದದ್ದನ್ನು ಶೇಷಗಿರಿ ಬಿಡಿಸಿ ಹೇಳಿದ. ಅಪಾರ್ಟ್‌ಮೆಂಟಿಗೆ ಕಾರು ಹತ್ತುವ ಅಗಲವಾದ ದಾರಿ ಬೇಕಿತ್ತು. ಅಡ್ಡ ಇದ್ದದ್ದು ಈ ಮನೆಗಳು. ನಾಲ್ಕು ಸಲ ಕೇಳಿದರೂ ಲಕ್ಷ್ಮೀಕಾಂತಮ್ಮ ಜಾಗ ಬಿಡಲಿಲ್ಲ, ಆಕೆಯನ್ನು ನೋಡಿ ಉಳಿದವರೂ ಬಿಡಲಿಲ್ಲ. ಸತ್ಯಮೂರ್ತಿ ದೇವರ ಹೆಸರಿನಲ್ಲಿ ಎಲ್ಲರನ್ನೂ ರೈಲು ಹತ್ತಿಸಿ, ತಾನು ದುವ್ವಾಡದಲ್ಲಿಳಿದು ಆಟೋದಲ್ಲಿ ಮರಳಿದ. ಸಿಮೆಂಟ್ ಕಲಸಿಕೊಟ್ಟ ಕಾವಲುಗಾರ ಬೆಳಿಗ್ಗೆಯೇ ಹೇಳಿಕೆ ಕೊಟ್ಟಿದ್ದ. ಪೈಪು ಮುಚ್ಚಿದ ಮೇಲೆ ಮಳೆಗೆ ಕಾಯುವುದಷ್ಟೇ ಬಾಕಿಯಿತ್ತು.

ಜೀಪು ಹತ್ತುವಾಗ ಸತ್ಯಮೂರ್ತಿ ದಿನಕರನತ್ತ ತಿರುಗಿದ. ನಾಳೆ ವರ್ಗವಾಗಿ ಹೋಗುವ ಪರ ಊರಿನವನಿಗೆ ಈ ಉಸಾಬರಿ ಏಕೆ ಎಂದ. ದಿನಕರ ಎರಡು ಹೆಜ್ಜೆ ಹಿಂದೆ ಸರಿದ. ಮಾತಾಡಿದರೆ ಕೈಯೂ ಏಳುತ್ತದೆ ಎಂದು ಅವನಿಗೆ ಗೊತ್ತಿತ್ತು.

ಅಗ್ನಿಶಾಮಕ ದಳದವರು ಹಗ್ಗ ಕಟ್ಟಿಕೊಂಡು, ಪಕ್ಕಕ್ಕೆ ಸರಿದು ನಿಂತು, ಉದ್ದದ ಹಾರೆಯಿಂದ ಉಳಿದ ಗೋಡೆಯ ಮೊದಲ ಪೈಪನ್ನು ತಿವಿದರು. ಸಿಮೆಂಟು ಸಿಡಿಯಿತು. ಕೆಂಪು ನೀರು ಆಳೆತ್ತರದಿಂದ ಚಿಮ್ಮಿ, ಎದುರಿಗಿದ್ದ ಖಾಲಿ ಮನೆಯ ಬಾಗಿಲನ್ನು ಮುರಿದು ಒಳಗೆ ನುಗ್ಗಿತು. ಅದು ಕಮಲಾಳ ಮನೆ. ಅವಳು ಶಾಲೆಯ ಜಗಲಿಯಲ್ಲಿ ನಿಂತು ಅದನ್ನು ಕಣ್ಣು ಮಿಟುಕಿಸದೆ ನೋಡಿದಳು.