ಬೀರಿ ಮತ್ತು ಗಾಜಿನ ಕೊಳ

ಬಹಳ ಹಿಂದೆ, ಹೊಳೆ ಕಡಲಿಗೆ ಸೇರುವ ಅಳಿವೆಯ ದಡದಲ್ಲಿ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ವಿಲಾಸವರ್ಮ. ಆಳುತ್ತಿದ್ದ ಅಂತ ಹೇಳಬೇಕು, ಅಷ್ಟೆ. ಅವನು ಮಾಡುತ್ತಿದ್ದುದು ಎರಡೇ ಕೆಲಸ: ಉಣ್ಣುವುದು, ಉಣ್ಣುತ್ತಾ ಗಾಜಿನ ಕೊಳ ನೋಡುವುದು.

ಕೊಳ ಕಟ್ಟಿಕೊಟ್ಟವನು ಧೂಮಕೇಶಿ ಎಂಬ ಮಾಂತ್ರಿಕ. ಅಳಿವೆಯಲ್ಲಿ ಬಲೆ ಬೀಸುವವರನ್ನು ಮೀನು ಮಾಡಿ ಅದರಲ್ಲಿ ಬಿಡುತ್ತಿದ್ದ. ತಿಳಿಯಾಗಿ ಕಾಣಲಿ ಅಂತ ಹೊಳೆಯ ಸಿಹಿನೀರು ತುಂಬಿಸುತ್ತಿದ್ದ. ಅಳಿವೆಯ ಮೀನು ಸಿಹಿನೀರಲ್ಲಿ ಎಷ್ಟು ದಿನ ಬದುಕೀತು? ಹತ್ತು ದಿನಕ್ಕೆ ಸಾಯುತ್ತಿತ್ತು. ಮಾಂತ್ರಿಕ ಇನ್ನೊಬ್ಬರನ್ನು ಹಿಡಿಯುತ್ತಿದ್ದ. ಹೀಗೆ ಇಪ್ಪತ್ತೆರಡು ಮಂದಿ ಸತ್ತರು. ರಾಜನ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗಲಿಲ್ಲ.

ಒಂದು ದಿನ ಬೀರಿ ಎಂಬ ಮೀನುಗಾರ ಹೆಂಗಸಿನ ಕಣ್ಣೆದುರೇ ಅವಳ ತಮ್ಮ ಕುಪ್ಪ ದೋಣಿಯಲ್ಲಿ ನಿಂತವನು ನಿಂತಂತೆಯೇ ಮೀನಾದ. ಬೀರಿ ಅಳಲಿಲ್ಲ. ಒದ್ದೆ ಸೀರೆಯಲ್ಲೇ ಅರಮನೆಗೆ ನುಗ್ಗಿದಳು.

"ಒಡೆಯಾ, ನನ್ನ ತಮ್ಮನ್ನ ಕೊಡಿ."

"ಮೀನು ಯಾರದ್ದಾದರೇನು? ನೋಡಲಿಕ್ಕೆ ಚೆಂದ ಉಂಟು," ಅಂದ ರಾಜ.

ಬೀರಿಯ ಮೈ ಉರಿದುಹೋಯಿತು.

ರಾಜನ ಪಕ್ಕದಲ್ಲಿದ್ದ ಧೂಮಕೇಶಿ ನಕ್ಕ. "ಹುಣ್ಣಿಮೆಯಿಂದ ಹುಣ್ಣಿಮೆವರೆಗೆ ಈ ಗಾಜಿನೊಳಗೆ ಬದುಕಿದ ಮೀನು ಮನುಷ್ಯನಾಗ್ತದೆ. ಈವರೆಗೆ ಒಂದೂ ಬದುಕಿಲ್ಲ. ಬೇಕಾದರೆ ಇವನ್ನು ನೀನೇ ಸಾಕಿ ನೋಡು. ಒಂದು ಸತ್ತರೂ ನೀನೂ ಮೀನು."

"ಆಗಲಿ," ಅಂದಳು ಬೀರಿ. ಆಗ ಕೊಳದಲ್ಲಿ ಜೀವ ಇದ್ದದ್ದು ಕುಪ್ಪ ಸೇರಿ ಏಳು ಮೀನು. ಹುಣ್ಣಿಮೆಗೆ ಎಂಟು ದಿನ ಉಳಿದಿತ್ತು.

ಮೊದಲ ಪರೀಕ್ಷೆ ನೀರಿನದು. ಮೀನುಗಳನ್ನು ದೊಡ್ಡ ಬಾನಿಗೆ ಎತ್ತಿಟ್ಟು ಕೊಳ ಬರಿದು ಮಾಡಿದಳು; ಹೊಳೆಯ ನೀರು, ಕಡಲ ನೀರು ಎರಡನ್ನೂ ತರಿಸಿದಳು. ಬೆರೆಸಿದಳು, ಬೆರಳದ್ದಿ ನಾಲಿಗೆಗೆ ಇಟ್ಟಳು. ಅಳಿವೆಯವರು ದೋಣಿ ಬಿಡುವ ಮೊದಲು ಮಾಡುವುದು ಇದನ್ನೇ. ಎರಡು ಪಾಲು ಹೊಳೆ, ಒಂದು ಪಾಲು ಕಡಲು ಸೇರಿದಾಗ ನಾಲಿಗೆ ಒಪ್ಪಿತು.

ಎರಡನೆಯ ಪರೀಕ್ಷೆ ಮನೆಯದು. ಕೊಳದ ತಳದಲ್ಲಿ ರಾಜ ಹಾಸಿದ್ದ ಮುತ್ತುರತ್ನಗಳನ್ನು ಬುಟ್ಟಿ ಬುಟ್ಟಿ ಎತ್ತಿ ಅವನ ಊಟದ ಮಣೆಯ ಮುಂದೆ ಸುರಿದಳು. ಬದಲಿಗೆ ಅಳಿವೆಯ ಮರಳು, ಚಿಪ್ಪು, ಕೆಸರಲ್ಲಿ ಬೆಳೆಯುವ ಕಾಂಡ್ಲ ಮರದ ಬೇರು ಬೇಕಿತ್ತು. ಆ ಮರಗಳ ನಡುವೆ ಮಾಂತ್ರಿಕ ಎತ್ತಿನ ಗಾಡಿಯಷ್ಟು ದೊಡ್ಡ ಏಡಿಯನ್ನು ಕಾವಲಿಟ್ಟಿದ್ದ. ದಿನಾ ಏಡಿ ಹಿಡಿಯುವವಳಿಗೆ ಅದೇನು ಮಹಾ! ಹಿಂದಿನಿಂದ ಹೋಗಿ ಬೆನ್ನ ಮೇಲೆ ಕಾಲೂರಿ, ಕಚ್ಚುವ ಕಾಲೆರಡನ್ನೂ ತೆಂಗಿನ ಹಗ್ಗದಲ್ಲಿ ಬಿಗಿದಳು.

ಬೇರು ನೆಟ್ಟು ಬೆರೆಸಿದ ನೀರು ತುಂಬಿಸಿದಳು. ಆದರೂ ಮೀನು ಬಿಡಲಿಲ್ಲ. ಹೊಸ ನೀರು ಹದಕ್ಕೆ ಬರಬೇಕು ಅಂತ ಹುಣ್ಣಿಮೆವರೆಗೂ ಅವನ್ನು ಬಾನಿಯಲ್ಲೇ ಇಟ್ಟು ದಿನಾ ನೀರು ಬದಲಿಸಿದಳು. ಹುಣ್ಣಿಮೆಯ ದಿನ ಏಳನ್ನೂ ಕೊಳಕ್ಕೆ ಬಿಟ್ಟಳು. ಕುಪ್ಪ ಬೇರಿನ ಸಂದಿಗೆ ನುಗ್ಗಿ ಬಾಲ ಆಡಿಸಿದ.

ಮೂರನೆಯ ಪರೀಕ್ಷೆ ಬಿಸಿಲಿನದು. ಧೂಮಕೇಶಿ ಮಂತ್ರ ಹಾಕಿ ಸೂರ್ಯನನ್ನು ಎಳೆದು ಅರಮನೆಯ ಮಾಡಿನ ಮೇಲೆ ಕಟ್ಟಿದ. ಕೊಳದ ನೀರು ದಿನಕ್ಕೊಂದು ಗೇಣು ಇಳಿಯತೊಡಗಿತು.

"ಅದೇ ಬೆರಕೆ ನೀರು ಹೊಯ್ಯಮ್ಮ," ಅಂದ ಮಾಂತ್ರಿಕ, ಬೆಣ್ಣೆಯಂಥ ದನಿಯಲ್ಲಿ.

ಬೀರಿ ಅವನನ್ನು ಬೈಯುತ್ತಲೇ ಹೊಯ್ದಳು. ದಿನಾ ಬೈದಳು, ದಿನಾ ಹೊಯ್ದಳು. ಇಪ್ಪತ್ತನೆಯ ದಿನ ಕುಪ್ಪ ಪಕ್ಕಕ್ಕೆ ವಾಲಿದ. ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ.

ಬೀರಿ ಕೊಳದ ಬಳಿಗೆ ಓಡಿದಳು. ಬೆರಳದ್ದಿ ನಾಲಿಗೆಗೆ ಇಟ್ಟಳು. ಕಹಿ! ಬರೀ ಉಪ್ಪು! ಬಿಸಿಲು ಕುಡಿಯುವುದು ನೀರನ್ನು ಮಾತ್ರ, ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಕಡಲ ನೀರು ಒಣಗಿಸಿ ಉಪ್ಪು ತೆಗೆಯುವ ಉಪ್ಪಿನಾಗರದ ಪಕ್ಕದಲ್ಲೇ ಹುಟ್ಟಿ ಬೆಳೆದವಳು ಅದನ್ನು ಮರೆತಿದ್ದಳು. ಇಪ್ಪತ್ತು ದಿನ ನಾಲಿಗೆ ಇದ್ದದ್ದು ಬೈಯಲಿಕ್ಕೆ ಮಾತ್ರ, ರುಚಿ ನೋಡಲಿಕ್ಕಲ್ಲ. ಅವಳಿಗೆ ಮಾಂತ್ರಿಕನಿಗಿಂತ ತನ್ನ ಮೇಲೆಯೇ ಸಿಟ್ಟು ಬಂತು.

ಅವಳು ಬಾಯಿ ಮುಚ್ಚಿದಳು. ಉಪ್ಪು ನೀರನ್ನು ಸ್ವಲ್ಪ ಸ್ವಲ್ಪವೇ ತೆಗೆದು, ಸ್ವಲ್ಪ ಸ್ವಲ್ಪವೇ ಸಿಹಿನೀರು ಹೊಯ್ದಳು. ಪ್ರತಿ ಕೊಡಕ್ಕೂ ರುಚಿ ನೋಡಿದಳು. ಮೂರನೆಯ ದಿನ ಕುಪ್ಪ ನೆಟ್ಟಗಾದ. ಅಲ್ಲಿಂದ ಮುಂದೆ ಇಳಿದ ನೀರಿಗೆಲ್ಲ ಸಿಹಿನೀರನ್ನೇ ತುಂಬಿದಳು.

ಹುಣ್ಣಿಮೆಯ ಚಂದ್ರ ಮೂಡಿದ. ಗಾಜು ಫಳಾರನೆ ಒಡೆಯಿತು. ಕುಪ್ಪ ಸೇರಿ ಏಳು ಮಂದಿ ಕೆಮ್ಮುತ್ತಾ ಎದ್ದು ನಿಂತರು. ಮಾಡಿನ ಮೇಲಿನ ಸೂರ್ಯ ಕಟ್ಟು ಹರಿದುಕೊಂಡು ಹೋಗುವಾಗ ಧೂಮಕೇಶಿಯ ಮೈಯಲ್ಲಿದ್ದ ನೀರನ್ನೆಲ್ಲ ಕುಡಿದುಹೋದ. ಉಳಿದದ್ದು ಒಂದು ಬೊಗಸೆ ಉಪ್ಪು.

ರಾಜ ಬೇಸರದಿಂದ ಗಾಜಿನ ಚೂರು ನೋಡಿದ. "ಎಷ್ಟು ಚೆಂದ ಇತ್ತು! ಬೀರಿ, ನಿಜವಾದ ಮೀನು ಹಾಕಿ ಇನ್ನೊಂದು ಮಾಡಿಕೊಡ್ತೀಯಾ?"

"ಮಾಡಿಕೊಡ್ತೆ," ಅಂದಳು ಬೀರಿ. "ಮೊದಲು ಇದರಲ್ಲಿ ಸತ್ತ ಇಪ್ಪತ್ತೆರಡು ಮಂದಿ ಹೆಸರು ಹೇಳು."

ರಾಜನಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಊರವರು ಅವನನ್ನು ಸಿಂಹಾಸನದಿಂದ ಇಳಿಸಿ, ಕಿರೀಟ ತೆಗೆಸಿ, ಬರಿಗಾಲಲ್ಲಿ ಅಳಿವೆಯ ದಡಕ್ಕೆ ನಡೆಸಿದರು. ಅವನು ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು ಸತ್ತವರ ಹೆಸರು ಕೇಳಬೇಕಾಯಿತು. ಕೆಲವರು ಹೇಳಿದರು, ಕೆಲವರು ಬಾಗಿಲು ಹಾಕಿದರು. ಹಾಕಿದ ಬಾಗಿಲಿಗೆ ಮರುದಿನ ಮತ್ತೆ ಹೋಗಬೇಕಾಯಿತು.

ಊರವರು ಯಾರ ಭಯವೂ ಇಲ್ಲದೆ ಬಲೆ ಬೀಸಿ, ಉಂಡುಟ್ಟು ಸುಖವಾಗಿದ್ದರು. ರಾಜ ಇನ್ನೂ ಹತ್ತೊಂಬತ್ತನೆಯ ಹೆಸರಿನ ಬಾಗಿಲಲ್ಲೇ ನಿಂತಿದ್ದಾನೆ.