ಗೇಟ್ ಚೀಟಿಗೆ ಬಿಟ್ಟುಕೊಟ್ಟ ಪುಟಗಳು

“ನಾಚಿಕಿ ಆಗೂದಿಲ್ಲೇನ್ರಿ ನಿಮಗ? ಮೆಮೊರಿಯಾಗ ನೂರಿಪ್ಪತ್ತು ಪುಟ ಒಬ್ಬರs ಹಿಡಕೊಂಡು ಕುಂತೀರಿ! ಅದೂ ಹನ್ನೊಂದು ವರ್ಷದಿಂದ!”

ಫರ್ಹಾನಾ ಯಂತ್ರ ಅಚ್ಚು ಹಾಕಿದ ಪುಟಗಳ ಪಟ್ಟಿಯನ್ನು ಮೇಜಿಗೆ ಬಡಿದಳು.

ಎದುರು ಕುಳಿತಿದ್ದ ತಾರೀಖ ಮೇಜಿನ ಖಾನೆ ಖಾಲಿ ಮಾಡುತ್ತಲೇ ಇದ್ದ. ಗದಗಿನ ಹತ್ತಿ ಒಕ್ಕೂಟದ ಮೇನ್‌ಫ್ರೇಮ್ ಕೋಣೆಯಲ್ಲಿ ಅವನಿಗೆ ಅದು ಕೊನೆಯ ದಿನ. ನಾಳೆಯಿಂದ ಮುಂಡರಗಿ ಗೋದಾಮು. ಯಂತ್ರದ ಉಸ್ತುವಾರಿ ಬೆಳಿಗ್ಗೆಯಷ್ಟೇ ಅವಳ ಕೈಗೆ ಬಂದಿತ್ತು.

ಆ ಹಳೆಯ ಕಂಪ್ಯೂಟರ್ ಯಂತ್ರದ ಮೆಮೊರಿ ಚಿಕ್ಕದು. ಪ್ರೋಗ್ರಾಮುಗಳನ್ನು ಪುಟಗಳಾಗಿ ಒಡೆದು, ಸದ್ಯ ಬೇಡದವನ್ನು ಡಿಸ್ಕಿಗೆ ತಳ್ಳಿ, ಬೇಕಾದಾಗ ಮತ್ತೆ ಎಳೆದುಕೊಳ್ಳುತ್ತದೆ. ಈ ಎಳೆದಾಟ ಹೆಚ್ಚಾದರೆ ಕೆಲಸ ತೆವಳುತ್ತದೆ. ಒಬ್ಬರ ಪುಟಗಳನ್ನು ಹೊರಗೆ ಹೋಗದಂತೆ ಫಿಕ್ಸ್ ಮಾಡಿದರೆ ಅವರದು ಓಡುತ್ತದೆ, ಉಳಿದವರದು ಒದ್ದಾಡುತ್ತದೆ.

“ಇಷ್ಟೆಲ್ಲಾ ಹಿಡಕೊಂಡೂ ನಿಮ್ಮ ಬೀಜದ ದಾಸ್ತಾನಿನ ವರದಿ ಒಂದಿನಾನೂ ಟೈಮಿಗೆ ಬರಲಿಲ್ಲಲ್ಲ! ಅದಕ್ಕ ನಿಮ್ಮನ್ನ ಮುಂಡರಗಿಗೆ ಒಗದಾರ!”

“ಹೌದ್ರಿ... ಅದಕ್ಕ ನೀವೂ ಒಲ್ಲೆ ಅಂದ್ರಿ.”

ಹತ್ತು ವರ್ಷದ ಹಿಂದೆ ತಾರೀಖನ ಶೇಖಸಾಬ ಚಾಚಾ ಅವನ ಮದುವೆಯ ಪ್ರಸ್ತಾಪವನ್ನು ಶಿಗ್ಲಿಯಲ್ಲಿರುವ ಅವಳ ಮನೆಗೆ ತಂದಿದ್ದರು. ‘ಒಂದು ವರದಿ ಮುಗಿಸಾಕ ಆಗದವ ಸಂಸಾರ ಏನ್ ಮಾಡ್ಯಾನು?’ ಎಂದು ಅಮ್ಮಿಯಿಂದ ಹೇಳಿ ಕಳಿಸಿದವಳು ತಾನೇ. ಆಮೇಲೆ ಯಾವ ಗಂಡೂ ಮನಸ್ಸಿಗೆ ಬರಲಿಲ್ಲ... ಯಾಕೆಂದು ತನ್ನನ್ನೇ ಕೇಳಿಕೊಳ್ಳುವ ಧೈರ್ಯವೂ ಬರಲಿಲ್ಲ.

“ಈಗ ಫಿಕ್ಸ್ ತಗದು ಒಗೀತೀನಿ ನೋಡ್ರಿ!”

“ಬ್ಯಾಡ್ರಿ! ಹೊಂಬಳದ ಟ್ರ್ಯಾಕ್ಟರ್ ಗೇಟಿನಾಗ ನಿಂತಾವು!”

‘ಗೇಟಿಗೂ ಇವನ ಪುಟಗಳಿಗೂ ಏನು ಸಂಬಂಧ?’

ಅವಳು ಪಟ್ಟಿಯನ್ನು ಮತ್ತೆ ಹಿಡಿದಳು. ಫಿಕ್ಸ್ ಮಾಡಿದವರು: ತಾರೀಖ. ಅಷ್ಟೇ ಓದಿ ಓಡಿ ಬಂದಿದ್ದಳು. ಪಕ್ಕದಲ್ಲಿ ಪ್ರೋಗ್ರಾಮಿನ ಹೆಸರು: ಗೇಟ್ ಚೀಟಿ.

ಟ್ರ್ಯಾಕ್ಟರುಗಳನ್ನು ಒಳಬಿಡುವ ಚೀಟಿ ಅಚ್ಚು ಹಾಕುವ ಆ ಪ್ರೋಗ್ರಾಮು ಅವಳದು!

ಹನ್ನೊಂದು ವರ್ಷದ ಹಿಂದಿನ ಸುಗ್ಗಿ ಕಣ್ಣ ಮುಂದೆ ಬಂತು. ಚೀಟಿ ಬಾರದೆ ಹತ್ತಿಯ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತದ್ದು... ಸೊರಟೂರಿನ ದೇವಪ್ಪಜ್ಜ ಬಿಸಿಲಿಗೆ ತಲೆ ತಿರುಗಿ ಬಿದ್ದದ್ದು... ಪ್ರಿಂಟರಿನ ಹಿಂದೆ ನಿಂತು ತಾನು ಬಿಕ್ಕಿ ಬಿಕ್ಕಿ ಅತ್ತದ್ದು. ಮರುದಿನದಿಂದ ಚೀಟಿಗಳು ಪಟಪಟನೆ ಬರತೊಡಗಿದವು. ತನ್ನ ಪ್ರೋಗ್ರಾಮೇ ಚೆನ್ನಾಗಿದೆ ಎಂದು ಎಷ್ಟು ಮೆರೆದಿದ್ದಳು! ಅದಕ್ಕೆ ಜಾಗ ಬಿಟ್ಟು ತೆವಳಿದ್ದು ಇವನ ವರದಿ.

“ಯಾಕ ಹೇಳಲಿಲ್ಲ?” ಅವಳು ಪಟ್ಟಿಯನ್ನು ಅವನ ಮುಂದೆ ಹಿಡಿದಳು.

“ಹೇಳಿದ್ರ ನೀವು ತಗಸ್ತಿದ್ರಿ.”

“ಸಾಹೇಬರ ಕಡಿಂದ ದಿನಾ ಬೈಸ್ಕೊಂಡ್ರಲ್ಲ... ಹುಚ್ಚರೇನ್ರಿ ನೀವು?”

ಅವನು ನಕ್ಕು ಖಾನೆ ಮುಚ್ಚಿದ.

ಫರ್ಹಾನಾ ಕಣ್ಣೊರೆಸಿಕೊಂಡು ಕುರ್ಚಿ ಎಳೆದುಕೊಂಡಳು. ಟಕಟಕನೆ ಕೀಲಿಗಳನ್ನು ಒತ್ತಿ ತನ್ನ ಪುಟಗಳ ಫಿಕ್ಸ್ ತೆಗೆದೇಬಿಟ್ಟಳು.

“ಹೊಂಬಳದವರು ಒಂದು ತಾಸು ಚಹಾ ಕುಡೀಲಿ. ನಿಮ್ಮ ವರದಿ ಓಡಸ್ರಿ.”

ಸಂಜೆ ಬರುತ್ತಿದ್ದ ವರದಿ ಮಧ್ಯಾಹ್ನಕ್ಕೇ ಬಂತು! ಬಿಸಿಯಾಗಿದ್ದ ಕಾಗದವನ್ನು ಹರಿದು ಅವನ ಕೈಗಿಟ್ಟಳು.

“ಟೈಮಿಗೆ ಬಂತು ನೋಡ್ರಿ.”

“ಹತ್ತು ವರ್ಷ ತಡ ಆತು.”

“ಅಮ್ಮಿ ಇನ್ನೂ ಶಿಗ್ಲಿಯಾಗs ಅದಾರ...” ಅವಳು ತಲೆ ತಗ್ಗಿಸಿದಳು.

ತಾರೀಖ ಬುತ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿದ. ವರದಿಯನ್ನು ಮಡಚಿ ಎದೆಯ ಕಿಸೆಯಲ್ಲಿಟ್ಟ.

“ಎಲ್ಲಿಗೆ ಹೊಂಟ್ರಿ?”

“ಶಿಗ್ಲಿಗೆ. ಈ ಸಲ ಚಾಚಾನ್ನ ಕಳಸೂದಿಲ್ಲ, ನಾನs ಕೇಳ್ತೀನಿ.”

“ಅಮ್ಮಿ ಬೈದ್ರ?”

“ವರದಿ ತೋರಸ್ತೀನಿ.”

ಅವಳು ಅಳುತ್ತಲೇ ನಕ್ಕಳು. ಬಾಗಿಲು ದಾಟಿ ಅವನು ಶಿಗ್ಲಿಯ ದಾರಿ ಹಿಡಿದ; ಆ ಕೋಣೆಯ ಕೆಲಸ ಅವನಿಗೆ ಅಲ್ಲಿಗೆ ಮುಗಿದಿತ್ತು.